ಹೊಸ ಆಲ್ಬಮ್ಮಿನ ವಕೀಲ

ನನ್ನ ಸೋದರಳಿಯನ ತಾತ ಪಕ್ಕದ ಮನೆಯವರ ಗೋಡೆಗಾಗಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದವರು. ಅಪ್ಪ, ಅಂದರೆ ನನ್ನ ಭಾವ, ಒಂದು ಗೋಲೂ ಹೊಡೆಯದ ಫುಟ್‌ಬಾಲ್ ತಂಡದ ಪರ ಜಗಳವಾಡಿ ಎರಡು ಹಲ್ಲು ಕಳೆದುಕೊಂಡವರು. ಪರರ ವ್ಯಾಜ್ಯ ತಲೆಗೆ ಕಟ್ಟಿಕೊಳ್ಳುವ ಈ ವಂಶದಲ್ಲಿ ಹುಟ್ಟಿದ ಇವನು, ಬೀಗ ರಿಪೇರಿಯ ಅಂಗಡಿಯಲ್ಲಿ ಕೂತು ಒಂದು ಸಣ್ಣ ರಾಕ್ ಬ್ಯಾಂಡಿನ ಹೊಸ ಆಲ್ಬಮ್ಮಿಗೆ ವಕಾಲತ್ತು ವಹಿಸಿದ್ದಾನೆ. ಪತ್ರಿಕೆಯ ವಿಮರ್ಶಕ 'ಡ್ರಮ್ಮಿನಲ್ಲಿ ಹಿಂದಿನ ಕಸುವಿಲ್ಲ' ಎಂದು ಬರೆದ ದಿನದಿಂದ ಇವನ ಬಾಯಿಗೆ ಬಿಡುವಿಲ್ಲ. ಐದನೇ ಹಾಡು ಕೇಳದೆ ಯಾರಿಗೂ ಕೀಲಿ ಸಿಗುವುದಿಲ್ಲ. "ಮನೆ ಬಾಗಿಲ ಹೊರಗೆ ಹೆಂಡ್ತಿ ನಿಂತಿದ್ದಾಳೆ ಕಣಪ್ಪ" ಎಂದು ಗಿರಾಕಿ ಗೋಗರೆದರೆ, "ನಿಮ್ಮನ್ನೇ ಇಷ್ಟು ವರ್ಷ ಸಹಿಸ್ಕೊಂಡೋರು, ಇನ್ನು ನಾಲ್ಕು ನಿಮಿಷ ನಿಲ್ಲಲ್ವಾ?" ಎನ್ನುತ್ತಾನೆ. "ಹಳೇದೇ ಚೆನ್ನಾಗಿತ್ತು" ಎನ್ನುವ ಅಭಿಮಾನಿಗಳ ಪಾಡು ಕೇಳಬೇಡಿ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಇಡೀ ಆಲ್ಬಮ್ ಎರಡು ಸಲ ಕೇಳಿಸಿ, ಅವರು ತಲೆಯಾಡಿಸಿದ ಮೇಲೆಯೇ ಬಿಡುತ್ತಾನೆ. ಇವನು ತಾಳ ಹಾಕುವುದು ಮಾತ್ರ ಎಡಗೈಯಲ್ಲಿ. ಬಲಗೈಯ ಮಣಿಕಟ್ಟು ಕೆಟ್ಟು ಎರಡು ವರ್ಷವಾಯಿತು. ಅವರೆಲ್ಲ ಹಂಬಲಿಸುವ ಆ ಹಳೆಯ ಹಾಡುಗಳಿಗೆ ಡ್ರಮ್ ಬಾರಿಸಿದವನು ಇವನೇ. ಬಂದವರಿಗೆ ಅದೊಂದನ್ನು ಹೇಳುವುದಿಲ್ಲ. ನನಗೆ ತಡೆಯಲಾಗಲಿಲ್ಲ. "ಆ ಕಸುವು ನಿಂದೇ ಅಂತ ಪೇಪರಿನವರಿಗೆ ನಾನೇ ಬರೀತೀನಿ ಕಣೋ" ಎಂದೆ. ಅವನು ಕೈಯಲ್ಲಿದ್ದ ಬೀಗದಿಂದ ಕಣ್ಣೆತ್ತಲಿಲ್ಲ. "ಬೇಡ ಮಾವ. ಆ ಹುಡುಗಿ ಈಗ ತಾನೇ ಡ್ರಮ್ಮಿನ ಮುಂದೆ ನನ್ನ ಜಾಗದಲ್ಲಿ ಕೂತಿದ್ದಾಳೆ. ಪೇಪರಲ್ಲಿ ನನ್ನ ಹೆಸರು ನೋಡಿದ್ರೆ ಅವಳ ಕೈ ನಡುಗುತ್ತೆ."