ಅಲುಗದ ಕಾಗದದ ಪಟ್ಟಿ

ವಿಶ್ವವಿದ್ಯಾಲಯದಲ್ಲಿ ನಮ್ಮ ಯಜಮಾನರಿಗೆ ಎಲ್ಲರೂ ಇಟ್ಟ ಹೆಸರು ‘ಬೇಡಪ್ಪ’. ರೋಗಾಣುಗಳ ಮೇಲೆ ಯಾರೇ ಸಂಶೋಧನೆ ಮಾಡುವುದಿದ್ದರೂ ಮೊದಲು ಸುರಕ್ಷತಾ ಸಮಿತಿ ಒಪ್ಪಬೇಕು. ಇವರು ಅದರ ಅಧ್ಯಕ್ಷರು. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವೇ, ಬೇಡ. ಕೈ ತೊಳೆಯುವ ನಲ್ಲಿ ದೂರವಿದೆಯೇ, ಬೇಡ. ದೊಡ್ಡ ದೊಡ್ಡ ಪ್ರೊಫೆಸರುಗಳು ಹಲ್ಲು ಕಡಿಯುತ್ತಿದ್ದರು. ಮನೆಯಲ್ಲೂ ಅದೇ ಕಾಟ, ಹಾಲು ಉಕ್ಕಿದರೆ ಒಲೆಯ ಪಕ್ಕ ನಿಂತು ವಿಚಾರಣೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಸದಸ್ಯರೊಬ್ಬರು ತಮ್ಮ ಅಣ್ಣನ ಮಗನ ಅರ್ಜಿಯನ್ನು ಹಟ ಹಿಡಿದು ಪಾಸು ಮಾಡಿಸಿದ್ದರು. ಆಮೇಲೆ ಇವರೇ ನಿಯಮ ತಂದರು: ಸಂಬಂಧಿಕರ ಅರ್ಜಿ ಬಂದರೆ ಎದ್ದು ಹೊರಗೆ ಹೋಗಬೇಕು, ತುಟಿ ಪಿಟಕ್ಕೆನ್ನಬಾರದು.

ಈ ಸಲ ಬಂದದ್ದು ನಮ್ಮ ಮಗಳ ಅರ್ಜಿ. ಶ್ವಾಸಕೋಶ ತಿನ್ನುವ ರೋಗಾಣುವನ್ನು ಬೆಳೆಸುವ ಕೆಲಸ. ಗಾಜಿನ ಕ್ಯಾಬಿನೆಟ್ಟಿನೊಳಗೆ ಕೈ ಹಾಕಿ ಮಾಡಬೇಕು. ಅದರ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯುತ್ತಿದ್ದರೆ ಮಾತ್ರ ರೋಗಾಣು ಹೊರಗೆ ಬರುವುದಿಲ್ಲ. ಅದು ತಿಳಿಯಲೆಂದು ಅಂಚಿಗೆ ತೆಳುಕಾಗದದ ಪಟ್ಟಿ ಅಂಟಿಸಿರುತ್ತಾರೆ, ಗಾಳಿ ಎಳೆದರೆ ಅದು ಒಳಕ್ಕೆ ಹಾರಾಡಬೇಕು. ಮಗಳು ಮರೆತು ಬಿಟ್ಟುಹೋದ ಕನ್ನಡಕ ಕೊಡಲು ಅವಳ ಪ್ರಯೋಗಾಲಯಕ್ಕೆ ಹೋದಾಗ ಇವರು ಕಣ್ಣಾರೆ ನೋಡಿದರು. ಫ್ಯಾನು ಸದ್ದು ಮಾಡುತ್ತಿತ್ತು, ಪಟ್ಟಿ ಮಾತ್ರ ಅಲುಗುತ್ತಿರಲಿಲ್ಲ.

“ಹೊಸ ಫ್ಯಾನು ಬರುತ್ತೆ ಅಪ್ಪಾ. ನನಗೂ ಬೇಡಪ್ಪ ಆಗ್ಬೇಡಿ,” ಎಂದು ಅವಳು ನಕ್ಕಳಂತೆ.

“ಸಮಿತಿಗೆ ಹೇಳ್ರೀ!” ಎಂದೆ ನಾನು.

“ಅವಳು ನನ್ನ ಮಗಳು ಕಣೆ. ಪರವೋ ವಿರುದ್ಧವೋ, ನಾನು ಬಾಯಿ ಬಿಡೋ ಹಾಗಿಲ್ಲ. ತಪಾಸಣೆಗೆ ಹೋದವರು ನೋಡ್ತಾರೆ.”

“ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!”

ಸಭೆಯ ದಿನ ಇವರು ಎದ್ದು ಹೊರಗೆ ನಿಂತರು. ಒಳಗಿದ್ದವರು ಏನೆಂದುಕೊಂಡರೆಂದು ಆಮೇಲೆ ಗೊತ್ತಾಯಿತು. ಬೇಡಪ್ಪನ ಮಗಳಲ್ಲವೇ, ಅಪ್ಪ ನೋಡದೆ ಬಿಟ್ಟಿರುತ್ತಾರೆಯೇ? ತಪಾಸಣೆಗೆ ಯಾರೂ ಹೋಗಲೇ ಇಲ್ಲ, ಒಪ್ಪಿಬಿಟ್ಟರು. ಹೊಸ ಫ್ಯಾನು ಬರುವ ಮೊದಲೇ ಮಗಳು ಕೆಲಸ ಶುರು ಮಾಡಿದಳು.

ಅಂದಿನಿಂದ ಇವರಿಗೆ ಊಟ ಸೇರಲಿಲ್ಲ. ಮಗಳು ಕೆಮ್ಮಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. “ಬರೀ ಧೂಳಪ್ಪಾ,” ಎನ್ನುತ್ತಿದ್ದಳು.

ಇವತ್ತು ಸಂಜೆ ಬಂದವಳೇ ನೇರ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಾಫಿ ತೆಗೆದುಕೊಂಡು ಹೋದೆ.

“ಅಮ್ಮಾ, ಲೋಟ ಅಲ್ಲೇ ಇಡು. ಒಳಗೆ ಬರ್ಬೇಡ, ಜ್ವರ ಬಂದಿದೆ,” ಎಂದಳು ಒಳಗಿನಿಂದಲೇ. ಆಮೇಲೆ ಸಣ್ಣ ದನಿಯಲ್ಲಿ, “ಅಪ್ಪಂಗೆ ಹೇಳ್ಬೇಡ.”

ಇವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಜನ್ಮದಲ್ಲಿ ಒಂದೂ ನಿಯಮ ಮುರಿಯದ ಮನುಷ್ಯ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತಳ್ಳಿ ಒಳಗೆ ಹೋದರು. ಒಳಗಿನಿಂದ ಚಿಲಕ ಬಿತ್ತು.

“ನೀನು ಬರ್ಬೇಡ ಕಣೆ,” ಎಂದರು.

ಈಗ ಹೊರಗೆ ನಿಂತಿರುವವಳು ನಾನು. ಒಳಗೆ ಕೆಮ್ಮುತ್ತಿದ್ದಾರೆ, ಯಾರೆಂದು ತಿಳಿಯುತ್ತಿಲ್ಲ.