ಪುಂಜಾಲಕಟ್ಟೆಗೆ ಬಂದ ಕುದುರೆ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸು ಬಂದರೆ ಮನೆಯವರೆಲ್ಲ ಅಂಗಳಕ್ಕೆ ಬಂದು ನೋಡುತ್ತಿದ್ದ ಕಾಲ ಅದು. ಬಸ್ಸು ಹೋದ ಮೇಲೆ ಕೆಂಪು ಧೂಳು ಕೆಳಗಿಳಿಯುವವರೆಗೆ ನಾವು ಮಕ್ಕಳು ರಸ್ತೆಯ ನಡುವೆಯೇ ನಿಂತು ಪೆಟ್ರೋಲಿನ ವಾಸನೆ ಎಳೆದುಕೊಳ್ಳುತ್ತಿದ್ದೆವು. ನನ್ನ ಪ್ರಾಯದವರಿಗೆ ಆ ವಾಸನೆ ನೆನಪಿರಬಹುದು. ಆದರೆ ಪುಂಜಾಲಕಟ್ಟೆಯಲ್ಲಿ ಒಂದು ಕುದುರೆ ಇತ್ತು ಎಂದರೆ ಅವರೂ ಈಗ ನಂಬುವುದಿಲ್ಲ. "ಕುದುರೆಯಾ? ಕೋಣ ಇರಬೇಕು ಮಾರಾಯ" ಎನ್ನುತ್ತಾರೆ. ಕೋಣ ಅಲ್ಲ, ಕುದುರೆಯೇ. ಅದನ್ನು ಪಳಗಿಸಿದವನು ನಾನು.

ನಮ್ಮದು ಅಳಿಯಸಂತಾನದ ಮನೆ. ತಾಯಿಯ ಅಣ್ಣ ಜಾರಪ್ಪ ಮಾವನೇ ಯಜಮಾನ. ಉಣ್ಣುವುದು, ಉಡುವುದು, ಶಾಲೆಗೆ ಹೋಗುವುದು, ಬಿಡುವುದು ಎಲ್ಲ ಅವರ ಬಾಯಿಂದ ಬರಬೇಕು. ಮಾವನದು ಎತ್ತಿನ ಗಾಡಿಯ ಕಸುಬು. ಬಂಟ್ವಾಳ ಪೇಟೆಯಿಂದ ಉಪ್ಪು, ಒಣಮೀನು, ಸೀಮೆಎಣ್ಣೆ ತಂದು ಬೆಳ್ತಂಗಡಿಯ ಅಂಗಡಿಗಳಿಗೆ ಹಾಕುತ್ತಿದ್ದರು. ಎತ್ತು, ಕೋಣಗಳ ವಿಷಯದಲ್ಲಿ ಊರಿಡೀ ಅವರ ಮಾತು ಕೇಳುತ್ತಿತ್ತು. ಹಾಗಿರುವಾಗ ರಸ್ತೆಗೆ ಲಾರಿ ಬಂತು. ಸಾಮಾನು ಲಾರಿಗೆ ಹೋಗತೊಡಗಿದಾಗ, ಇನ್ನು ಜನರನ್ನಾದರೂ ಸಾಗಿಸುವಾ ಎಂದು ಮಾವನಿಗೆ ಹೊಳೆಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಮಂಗಳೂರಿಗೆ ಹೋದವರು, ಕಸುಬು ಬಿಟ್ಟ ಯಾರೋ ಒಬ್ಬನ ಜಟಕಾ ಗಾಡಿಯನ್ನೂ ಒಂದು ಎಳೆ ಪ್ರಾಯದ ಹೆಣ್ಣು ಕುದುರೆಯನ್ನೂ ತಂದರು. ಕಂದು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಗಾಡಿಗೆ ಇನ್ನೂ ಕಟ್ಟಿದ್ದೇ ಇಲ್ಲವಂತೆ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು. "ಅಣ್ಣಾ, ಇದಕ್ಕೆ ತಿನ್ನಲು ಎಂಥ ಹಾಕುವುದು?"

"ದನಕ್ಕೆ ಹಾಕಿದ್ದನ್ನೇ ಹಾಕು. ಇದಕ್ಕೂ ನಾಲ್ಕು ಕಾಲೇ ಅಲ್ಲವಾ?"

ಎಲ್ಲ ಹಾಳಾದದ್ದು ಆ ಒಂದು ಮಾತಿನಿಂದ. ಕುದುರೆಯನ್ನು ಹಟ್ಟಿಯಲ್ಲಿ ಎತ್ತುಗಳ ಪಕ್ಕ, ಗೋಡೆಗೆ ಮುಖ ಮಾಡಿ ಕಟ್ಟಿದರು. ಎತ್ತಿನ ಹತ್ತಿರ ನಾವು ಹೋಗುವುದು ಹಿಂದಿನಿಂದ. ಕುಂಡೆಗೊಂದು ಪೆಟ್ಟು ಕೊಟ್ಟರೆ ಅದು ಬದಿಗೆ ಸರಿಯುತ್ತದೆ, ನಾವು ಮುಂದೆ ಹೋಗಿ ಹುಲ್ಲು ಹಾಕುತ್ತೇವೆ. ಹುಟ್ಟಿದಂದಿನಿಂದ ಕಂಡದ್ದು ಅದನ್ನೇ. ಗಾಡಿಯ ಆಳು ಬಾಬು ಹಾಗೆಯೇ ಹೋದ, ಹಾಗೆಯೇ ಹೊಡೆದ. ಕುದುರೆ ಎರಡೂ ಕಾಲು ಎತ್ತಿ ಒದೆಯಿತು. ಬಾಬು ಹುಲ್ಲಿನ ಕಟ್ಟದ ಮೇಲೆ ಬಿದ್ದದ್ದರಿಂದ ಸೊಂಟ ಉಳಿಯಿತು.

"ಹಠ ಇದಕ್ಕೆ" ಎಂದರು ಮಾವ. "ಬಾಲ ಹಿಡಿದು ತಿರುಚಿದರೆ ದಾರಿಗೆ ಬರ್ತದೆ."

ತಿರುಚಿದರು. ಕುದುರೆ ಮುಂದಕ್ಕೆ ನುಗ್ಗಿದ ರಭಸಕ್ಕೆ ಎದುರಿನ ಮಣ್ಣಿನ ಗೋಡೆಯಲ್ಲಿ ಒಂದು ಕಿಂಡಿ ಬಿತ್ತು. ಮಾವ ಮೀಸೆಯಿಂದ ಮಣ್ಣು ಒರೆಸಿಕೊಂಡು ಹೊರಗೆ ಬಂದರು. ಮತ್ತೆ ಅದರ ಹತ್ತಿರ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಹಟ್ಟಿಯ ಹೊರಗಿನಿಂದ ಬಂದು ಆ ಕಿಂಡಿಯಲ್ಲೇ ಹುಲ್ಲು ಕೊಟ್ಟೆ. ಕುದುರೆ ಕಿವಿ ಮುಂದೆ ಮಾಡಿ, ನನ್ನ ಕೈಯನ್ನು ಮೂಸಿ, ತಿಂದಿತು. ಮಾವ ಅದನ್ನು ನೋಡಿದರು.

"ದೇಜು, ನಾಳೆಯಿಂದ ಶಾಲೆ ಬೇಡ. ಇದನ್ನು ನೀನು ಸರಿ ಮಾಡು."

ನಾನಾಗ ಆರನೇ ಕ್ಲಾಸು. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇವನು ಬಂಟ್ವಾಳದ ಹೈಸ್ಕೂಲಿಗೆ ಹೋಗಬೇಕಾದವನು ಎಂದು ಮಾಸ್ಟ್ರು ಅಮ್ಮನ ಹತ್ತಿರ ಎರಡು ಸಲ ಹೇಳಿ ಹೋಗಿದ್ದರು. ನಾನು ಕೇಳಿದೆ. "ಮತ್ತೆ ಶಾಲೆ ಯಾವಾಗ ಮಾವಾ?"

"ಬೇಸಿಗೆಯಲ್ಲಿ, ಪಗ್ಗು ತಿಂಗಳಿಗೆ, ಗುತ್ತಿನ ದೊಡ್ಡಮನೆಯಲ್ಲಿ ಮದುವೆ ಉಂಟು. ದಿಬ್ಬಣದಲ್ಲಿ ಮದುಮಗ ನಮ್ಮ ಜಟಕಾದಲ್ಲಿ ಹೋಗಬೇಕು. ಅಷ್ಟರೊಳಗೆ ಇದು ಗಾಡಿ ಎಳೆದರೆ, ಮಳೆಗಾಲಕ್ಕೆ ಶಾಲೆ ಸುರುವಾಗುವಾಗ ನೀನು ಹೋಗು. ಗಾಡಿಗೆ ನಾನು ಬೇರೆ ಜನ ಮಾಡ್ತೇನೆ."

"ಸತ್ಯವಾ?"

"ಜಾರಪ್ಪ ಎರಡು ಮಾತು ಆಡಿದ್ದು ಕಂಡಿದ್ದೀಯಾ ನೀನು?"

ಅಮ್ಮ ನನ್ನ ಪುಸ್ತಕದ ಚೀಲವನ್ನು ಅಟ್ಟಕ್ಕೆ ಇಟ್ಟರು, ಅಷ್ಟೆ.

ಮೆಲ್ಕಾರಿನಲ್ಲಿ ಹಸನಾಕ ಎಂಬ ಮುದುಕ ಬ್ಯಾರಿ ಒಬ್ಬರು ಜಟಕಾ ಹೊಡೆಯುತ್ತಿದ್ದರು. ಬಾಬುವಿನ ಗಾಡಿಯಲ್ಲಿ ಕೂತು ಅಲ್ಲಿಗೆ ಹೋದೆ. ಅವರು ಬೀಡಿ ಎಳೆಯುತ್ತ ನನ್ನ ಕಥೆ ಪೂರ್ತಿ ಕೇಳಿದರು. ಬಾಲ ತಿರುಚಿದ್ದು ಕೇಳಿ ಅವರಿಗೆ ಕೆಮ್ಮು ಬರುವಷ್ಟು ನಗು.

"ಎತ್ತು ನಿಂತರೆ ಅದಕ್ಕೆ ಉದಾಸೀನ. ಕುದುರೆ ನಿಂತರೆ ಹಾಗಲ್ಲ ಮಗಾ. ಅದು ಓಡಬೇಕಾ ಬೇಡವಾ ಅಂತ ನೋಡ್ತಾ ಉಂಟು. ಆಗ ನೀನು ಹೊಡೆದರೆ, ಓಡು ಅಂತ ನೀನೇ ಹೇಳಿದ ಹಾಗೆ ಆಯ್ತು."

"ಮತ್ತೆ ಎಂಥ ಮಾಡುವುದು ಕಾಕ?"

"ಎಂಥದ್ದೂ ಮಾಡಬೇಡ. ಕಿವಿ ನೋಡಿಕೊಂಡು ನಿಲ್ಲು. ಹಿಂದಿನಿಂದ ಹೋಗಬೇಡ, ಅದರ ಹೆಗಲಿನ ಹತ್ತಿರ ಹೋಗು. ಹೋಗುವಾಗ ಏನಾದರೂ ಮಾತಾಡ್ತಾ ಇರು. ಮಾತು ಬರದಿದ್ದರೆ ಮಗ್ಗಿ ಹೇಳು, ಶಾಲೆಯ ಹುಡುಗ ಅಲ್ಲವಾ?"

ಅವರು ತಮಾಷೆಗೆ ಹೇಳಿದ್ದನ್ನು ನಾನು ಹಾಗೆಯೇ ಮಾಡಿದೆ. ಹಟ್ಟಿಯಿಂದ ಬಿಡಿಸಿ ಹಲಸಿನ ಮರದ ಕೆಳಗೆ, ನಾಲ್ಕೂ ಕಡೆ ಕಾಣುವಂತೆ ಕಟ್ಟಿದೆ. ಮಗ್ಗಿ ಹೇಳುತ್ತ ಹತ್ತಿರ ಹೋದೆ, ಮಗ್ಗಿ ಹೇಳುತ್ತ ಮೈ ತಿಕ್ಕಿದೆ. ಕಿವಿ ಹಿಂದಕ್ಕೆ ಒರಗಿದರೆ ನಾನು ನಿಂತುಬಿಡುತ್ತಿದ್ದೆ. ಕಿವಿ ಸಡಿಲವಾಗಿ, ತುಟಿ ಚಪ್ಪರಿಸಿ, ಉಸಿರು ಬಿಟ್ಟು ತಲೆ ತಗ್ಗಿಸಿದರೆ ಒಂದು ಹೆಜ್ಜೆ ಮುಂದೆ. ಹೇಳಿದ್ದು ಮಾಡಿದ ಕೂಡಲೇ ಹಗ್ಗ ಸಡಿಲ ಬಿಡಬೇಕು. ಹಾಗೆ ಬಿಟ್ಟದ್ದೇ ಅದಕ್ಕೆ ಶಾಬಾಸ್. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ದಿನ ಕೈ ಸೋತು ಹಗ್ಗ ಬಿಟ್ಟಾಗ ಅದು ತಾನಾಗಿ ನನ್ನ ಹಿಂದೆ ಬಂತು, ಆಗ ತಿಳಿಯಿತು.

ಆಮೇಲೆ ತೆಂಗಿನ ಒಣ ಮಡಲನ್ನು ಹಗ್ಗದಲ್ಲಿ ಕಟ್ಟಿ ನಾನೇ ಅದರ ಮುಂದೆ ಎಳೆದುಕೊಂಡು ನಡೆದೆ. ಶಬ್ದ ಮಾಡುವ ವಸ್ತು ತನ್ನಿಂದ ದೂರ ಹೋಗುತ್ತಿದ್ದರೆ ಕುದುರೆಗೆ ಅದರ ಹಿಂದೆ ಹೋಗುವ ಆಸೆ. ಎಷ್ಟೋ ದಿನ ಕಳೆದ ಮೇಲೆ ಆ ಮಡಲನ್ನು ಅದರ ಹಿಂದೆಯೇ ಕಟ್ಟಿ ಎಳೆಸಿದೆ. ಮತ್ತೆ ಖಾಲಿ ಗಾಡಿ.

ಗದ್ದೆಯಲ್ಲಿ ಲಗೋರಿ ಆಡುವ ಹುಡುಗರು ಕೂಗುತ್ತಿದ್ದರು. "ಏ ದೇಜು, ನಿನ್ನ ಹೆಂಡತಿಗೆ ಮಗ್ಗಿ ಎಲ್ಲಿವರೆಗೆ ಬಂತಾ?"

"ನಿನಗೆ ಬಂದದ್ದಕ್ಕಿಂತ ಮುಂದೆ!"

ಆ ಸುಗ್ಗಿಯಲ್ಲಿ ನನ್ನ ಅಂಗಿಗೆಲ್ಲ ಬೇಯಿಸಿದ ಹುರುಳಿಯ ವಾಸನೆ, ಚರ್ಮದ ಪಟ್ಟಿಗೆ ತಿಕ್ಕುವ ಹೊನ್ನೆ ಎಣ್ಣೆಯ ವಾಸನೆ. ಕುದುರೆಯ ಮಡಕೆಯಿಂದ ಒಂದು ಮುಷ್ಟಿ ಬಿಸಿ ಹುರುಳಿ ತೆಗೆದು ಉಪ್ಪು ಹಾಕಿ ತಿನ್ನುತ್ತಿದ್ದೆ. "ಅದರ ಪಾಲು ತಿನ್ನಬೇಡ, ಒದೆಯಲು ಕಲಿತೀಯ" ಎಂದು ಅಮ್ಮ ಬೈಯುತ್ತಿದ್ದರು. ಬೈಯುತ್ತಲೇ ಇನ್ನೊಂದು ಚಿಟಿಕೆ ಉಪ್ಪು ಕೊಡುತ್ತಿದ್ದರು. ಬಿಸಿಲು ಏರುವ ಮೊದಲು ಬಂಟ್ವಾಳಕ್ಕೆ ಹೋಗಿ ಬರುವಷ್ಟಕ್ಕೆ ಅವಳು ಬಂದಿದ್ದಳು. ಹೌದು, ಅಷ್ಟರಲ್ಲಿ ನನಗೆ 'ಅದು' ಹೋಗಿ 'ಅವಳು' ಆಗಿತ್ತು. ಎದುರಿಂದ ಬಸ್ಸು ಬಂದರೆ ನಿಲ್ಲುತ್ತಿದ್ದಳು. ನಾನು ಲಗಾಮು ಎಳೆಯದೆ ಕೂರುತ್ತಿದ್ದೆ. ಬಸ್ಸು ಹೋದ ಮೇಲೆ ಉಸಿರು ಬಿಟ್ಟು ತಾನೇ ಹೊರಡುತ್ತಿದ್ದಳು.

ಮದುವೆಯ ದಿನ ಮಾವ ಬಿಳಿ ಮುಂಡಾಸು ಕಟ್ಟಿ ಬಂದು ಲಗಾಮಿಗೆ ಕೈ ಹಾಕಿದರು.

"ನಾನು ಮಾವಾ?"

"ನೀನು ಹಿಂದೆ ನಡೆದುಕೊಂಡು ಬಾ. ಮದುಮಗನ ಮುಂದೆ ಚಡ್ಡಿ ಹಾಕಿದವನು ಕೂತರೆ ಚಂದವಾ?"

"ಗರ್ನಾಲು ಸಿಡಿಸುವಾಗ ಅವಳು ನಿಲ್ತಾಳೆ. ನಿಂತರೆ ಹಾಗೇ ಬಿಡಿ. ಏನೂ ಮಾಡಬೇಡಿ, ತಲೆ ತಗ್ಗಿಸಿ ಅವಳೇ ಹೋಗ್ತಾಳೆ."

"ಗಾಡಿ ಹೊಡೆಯಲು ನಿನ್ನ ಹತ್ತಿರ ಕಲಿಯಬೇಕಾ ನಾನು?"

ಗರ್ನಾಲು ಸಿಡಿಯಿತು. ಅವಳು ನಿಂತಳು. ವಾದ್ಯದವರೂ ನಿಂತರು, ದಿಬ್ಬಣವೂ ನಿಂತಿತು. ಗುತ್ತಿನ ಯಜಮಾನರು ಮುಂದಿನಿಂದ ತಿರುಗಿ ನೋಡಿದರು. ನಾನು ಹಿಂದಿನಿಂದ ಅವಳ ಕಿವಿಗಳನ್ನೇ ನೋಡುತ್ತಿದ್ದೆ. ಒಂದು ಕಿವಿ ಸಡಿಲವಾಗತೊಡಗಿತ್ತು. ಇನ್ನು ಒಂದು ಉಸಿರು ಮಾವ ಕಾದಿದ್ದರೆ ಸಾಕಿತ್ತು. ಅಷ್ಟು ಜನ ನೋಡುವಾಗ ಅವರಿಗೆ ಕಾಯಲು ಆಗಲಿಲ್ಲ. ಅಷ್ಟು ವರ್ಷ ಎತ್ತು ಹೊಡೆದ ಕೈ ತಾನಾಗಿ ಮುಂದೆ ಹೋಗಿ ಬಾಲ ಹಿಡಿದು ತಿರುಚಿತು.

ಗಾಡಿ ವಾದ್ಯದವರ ನಡುವಿನಿಂದಲೇ ಹಾರಿತು. ತಿರುವಿನಲ್ಲಿ ಚಕ್ರ ಕಳಚಿ, ಮದುಮಗ ಗದ್ದೆಗೆ ಬಿದ್ದ, ಮಾವ ಅವನ ಮೇಲೆ ಬಿದ್ದರು. ಯಾರದೂ ಕೈಕಾಲು ಮುರಿಯಲಿಲ್ಲ, ದೇವರು ದೊಡ್ಡವನು. ಅವಳು ಒಂದೇ ಚಕ್ರದ ಗಾಡಿಯನ್ನು ಎಳೆದುಕೊಂಡು ಮನೆಗೆ ಹೋಗಿ ಹಲಸಿನ ಮರದ ಕೆಳಗೆ ನಿಂತಿದ್ದಳು.

ಗುತ್ತಿನ ಯಜಮಾನರು ಮದುಮಗನ ಪೇಟ ಕೊಡವುತ್ತ ಹೇಳಿದರು. "ಜಾರಪ್ಪ, ಕೋಣ ಕಟ್ಟಿದ್ದರೆ ಮುಹೂರ್ತಕ್ಕೆ ಮುಟ್ಟುತ್ತಿದ್ದೆವು ಅಲ್ಲವಾ?"

ಊರಿಡೀ ನಕ್ಕಿತು. ಮಾವನನ್ನು ನೋಡಿ ಜನ ನಕ್ಕದ್ದು ಅದೇ ಮೊದಲು. ಸಂಜೆ ಅಂಗಳದಲ್ಲಿ ನೆರೆಯವರ ಎದುರು ಅವರು ಹೇಳಿದರು. "ಹುಡುಗ ಮುದ್ದು ಮಾಡಿ ಕುದುರೆಯನ್ನು ಹಾಳು ಮಾಡಿದ."

"ಬಾಲ ತಿರುಚಿದ್ದು ನೀವು" ಎಂದೆ. ಕೆನ್ನೆಗೆ ಬಿತ್ತು.

ಕೆಲವು ದಿನ ಕಳೆದು ಒಂದು ಲಾರಿ ಬಂದು ನಿಂತಿತು. ಘಟ್ಟದ ಮೇಲಿನವರದು, ಮಾವ ಅವಳನ್ನು ಅವರಿಗೆ ಮಾರಿದ್ದರು. ಹಲಗೆ ಇಟ್ಟು ಕುದುರೆಯನ್ನು ಹತ್ತಿಸಲು ನೋಡಿದರು. ಅವಳು ಕದಲಲಿಲ್ಲ. ಕ್ಲೀನರು ಬೆತ್ತ ತಂದ.

"ದೇಜು, ಹತ್ತಿಸು" ಎಂದರು ಮಾವ.

"ನಾನು ಹತ್ತಿಸುವುದಿಲ್ಲ."

"ಬೇಡ. ಅವರು ಹೊಡೆದು ಹತ್ತಿಸ್ತಾರೆ."

ಹಗ್ಗ ತೆಗೆದುಕೊಂಡೆ. ಹೆಗಲ ಹತ್ತಿರ ನಿಂತು ಹದಿನೇಳರ ಮಗ್ಗಿ ಹೇಳಿದೆ. ಕಾದೆ. ಅವಳು ಉಸಿರು ಬಿಟ್ಟಳು, ತಲೆ ತಗ್ಗಿಸಿದಳು. ನಾನು ಹಲಗೆ ಹತ್ತಿದೆ, ಹಗ್ಗ ಸಡಿಲವಾಗಿಯೇ ಇತ್ತು. ಅವಳು ನನ್ನ ಹಿಂದೆಯೇ ಹತ್ತಿ ಬಂದಳು. ನಾನು ಕಲಿಸದೆ ಇದ್ದಿದ್ದರೆ ಹತ್ತುತ್ತಿರಲಿಲ್ಲ. ನಾನು ಕೆಳಗೆ ಹಾರಿದ ಮೇಲೆ ಅವರು ಹಿಂದಿನ ಬಾಗಿಲು ಹಾಕಿದರು. ಎಲ್ಲಿಗೆ ಎಂದು ನನಗೆ ಯಾರೂ ಹೇಳಲಿಲ್ಲ.

ಮಳೆ ಬಂತು, ಶಾಲೆಯ ಗಂಟೆ ಹೊಡೆಯಿತು. ನಾನು ಮಾವನ ಎದುರು ಹೋಗಿ ನಿಂತೆ.

"ಕುದುರೆ ಗಾಡಿ ಎಳೆಯಿತಾ?" ಎಂದರು. "ಇಲ್ಲವಲ್ಲ. ಮತ್ತೆ ಎಂಥ ಶಾಲೆ? ಬಾಬು ಬಿಟ್ಟು ಹೋಗಿದ್ದಾನೆ, ಅವನ ಗಾಡಿ ನೀನು ಹೊಡಿ."

ಹೊಡೆದೆ. ಆಮೇಲೆ ಲಾರಿಯಲ್ಲಿ ಕ್ಲೀನರಾದೆ, ಡ್ರೈವರಾದೆ, ನನ್ನದೇ ಲಾರಿ ಮಾಡಿದೆ. ಯಾರ ಎದುರೂ ಕೈ ಕಟ್ಟಿ ನಿಂತವನಲ್ಲ. ಮಾವ ಮುದುಕರಾದ ಮೇಲೆ ಅನ್ನ ಹಾಕಿದವನು ನಾನು, ಅಳಿಯನಾಗಿ ಚಿತೆಗೆ ಬೆಂಕಿ ಇಟ್ಟವನೂ ನಾನೇ. ಸಾಯುವವರೆಗೂ ಅವರು ಬಂದವರ ಹತ್ತಿರ ಹೇಳುತ್ತಿದ್ದದ್ದು ಒಂದೇ: "ಆ ಕುದುರೆಯ ತಳಿಯೇ ಸರಿ ಇರಲಿಲ್ಲ." ನಾನು ಪಕ್ಕದಲ್ಲೇ ಇರುತ್ತಿದ್ದೆ.

ಮೊನ್ನೆ ಮೆಲ್ಕಾರಿನ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಮದುಮಗ ಬಾಡಿಗೆಯ ಬಿಳಿ ಕುದುರೆಯ ಮೇಲೆ ಬಂದ. ಮುಂದೆ ಡಿಜೆ, ಸುತ್ತ ಕುಣಿಯುವ ಹುಡುಗರು. ಕುದುರೆ ನಿಂತುಬಿಟ್ಟಿತ್ತು. ಕಿವಿ ಕುತ್ತಿಗೆಗೆ ಅಂಟಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಒಬ್ಬ ಮೊಬೈಲು ಹಿಡಿದು ಸೀದಾ ಅದರ ಹಿಂದಕ್ಕೆ ಹೋಗುತ್ತಿದ್ದ.

"ತಮ್ಮಾ, ಹಿಂದಿನಿಂದ ಹೋಗಬೇಡ. ಅದು ಹೆದರಿ ಉಂಟು" ಎಂದೆ.

"ನಿಮಗೆ ಕುದುರೆಯ ಬಗ್ಗೆ ಎಂಥ ಗೊತ್ತುಂಟು ಅಜ್ಜ? ಸ್ವಲ್ಪ ಬದಿಗೆ ಬನ್ನಿ, ವಿಡಿಯೋದಲ್ಲಿ ಅಡ್ಡ ಬರ್ತೀರಿ."

ಬದಿಗೆ ಬಂದೆ. ಶಾಲೆ ಕೊಟ್ಟು ಕಲಿತ ವಿದ್ಯೆ ನನ್ನದು. ಕೇಳಿ ತಿಳಿದುಕೊಳ್ಳುವವನು ಈಗ ಈ ಮೂರು ತಾಲೂಕು ಹುಡುಕಿದರೂ ಒಬ್ಬನಿಲ್ಲ. ಊಟಕ್ಕೆ ನಿಲ್ಲದೆ, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದೆ.