ಬರ್ನಡೆಟ್‌ಳ ಸೊಟ್ಟ ಹೆಬ್ಬೆರಳು

"ಅಮ್ಮಾ, ಬರ್ನಿ ಆಂಟಿ ಅವರ ಮನೆ ಅಂಚೆ ಡಬ್ಬಿಗೆ ಯಾಕೆ ಒದ್ದರು?"

ಆರು ವರ್ಷದ ನೋರಾ ಕಿಟಕಿಗೆ ಮೂಗೊತ್ತಿ ಕೇಳಿದಾಗ ಐಲೀನ್ ಬಟ್ಟೆ ಮಡಚುತ್ತಿದ್ದಳು. ಎದುರು ಮನೆಯ ಬರ್ನಡೆಟ್ ಕುಜ್ಮಾ ಪೆನ್ಸಿಲ್ವೇನಿಯಾದ ಆ ಪುಟ್ಟ ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ಒಂದು ಮಗುವಿಗೂ ಗದರಿದವಳಲ್ಲ. ಅಂಥವಳು ಒದ್ದಳೆಂದರೆ ಬಂದ ಕಾಗದ ಸಾಮಾನ್ಯದ್ದಲ್ಲ.

ಐಲೀನ್ ಮಗುವಿನ ಕೈ ಹಿಡಿದು ರಸ್ತೆ ದಾಟಿದಳು. ನೋರಾ ಟಿವಿ ಮುಂದೆ ಕೂತಳು. ಅಡುಗೆಮನೆಯಲ್ಲಿ ಬರ್ನಡೆಟ್ ಆಲೂಗಡ್ಡೆ ತುಂಬಿ ಮಡಚುವ ಕಡುಬಿನಂಥ ಪಿರೋಗಿಯ ಕಣಕ ನಾದುತ್ತಿರಲಿಲ್ಲ, ಗುದ್ದುತ್ತಿದ್ದಳು. ಮೇಜಿನ ಮೇಲೆ ತೆರಿಗೆ ಇಲಾಖೆಯ ಪತ್ರವಿತ್ತು.

"ಓದು. ನೀನೇ ಓದು."

ಚರ್ಚಿನ ಅನಾಥಾಲಯದಲ್ಲಿ ಬೆಳೆದ ಹದಿನಾಲ್ಕು ಹೆಂಗಸರು, ಬರ್ನಡೆಟ್‌ಳೂ ಸೇರಿ, ಅಲ್ಲಿ ತಿಂದ ಹೊಡೆತಕ್ಕಾಗಿ ಐವತ್ತು ವರ್ಷದ ಮೇಲೆ ಚರ್ಚಿನ ವಿರುದ್ಧ ಕೋರ್ಟಿಗೆ ಹೋಗಿದ್ದರು. ಹೋದ ವರ್ಷ ರಾಜಿಯಾಗಿ ಪರಿಹಾರ ಬಂದಿತ್ತು. ಮೈಗಾದ ಗಾಯದ ಪರಿಹಾರಕ್ಕೆ ತೆರಿಗೆಯಿಲ್ಲ, ಬರೀ ಮನಸ್ಸಿನ ನೋವಿನದಕ್ಕೆ ಉಂಟು, ಎಂದಿತ್ತು ಪತ್ರ. ರಾಜಿಪತ್ರದಲ್ಲಿದ್ದದ್ದು 'ಮನೋವೇದನೆ' ಮಾತ್ರ. ವಕೀಲನ ಜೇಬಿಗೆ ಹೋದ ಮೂರನೇ ಒಂದು ಪಾಲನ್ನೂ ಇವಳ ವರಮಾನವೆಂದೇ ಹಿಡಿದಿದ್ದರು. ಉಳಿದದ್ದು ಹಳೆ ಸಾಲಕ್ಕೆ ಸಂದಿತ್ತು; ಈಗ ತೆರಿಗೆ ಕಟ್ಟಬೇಕಾದರೆ ಮನೆ ಮಾರಬೇಕು.

"ಮನಸ್ಸಿನ ನೋವಂತೆ." ಬರ್ನಡೆಟ್ ಹಿಟ್ಟು ಮೆತ್ತಿದ ಸೊಟ್ಟ ಹೆಬ್ಬೆರಳನ್ನು ಎತ್ತಿ ಹಿಡಿದಳು. "ಹಾಸಿಗೆ ಒದ್ದೆ ಮಾಡಿದೆ ಅಂತ ಬಾಗಿಲ ಸಂದೀಲಿಟ್ಟು ಮುರಿದ್ರು. ಇದೇನು ಮನಸ್ಸಿನೊಳಗೆ ಮುರೀತಾ?"

"ಮತ್ತೆ ರಾಜಿಪತ್ರದಿಂದ ಮೈ ಅನ್ನೋ ಮಾತನ್ನ ತೆಗೆಸಿದ್ದು ಯಾರು ಆಂಟಿ? ಚರ್ಚಿನವರಾ?"

ಕಣಕದ ಮೇಲಿನ ಕೈ ನಿಂತಿತು.

"ನಾವೇ ಕಣೆ."

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ, ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಮಾರಾಟಕ್ಕೆ ಪಿರೋಗಿ ಮಡಚುತ್ತಾ ಹದಿನಾಲ್ಕು ಜನವೂ ಸೇರಿ ಮಾಡಿದ ತೀರ್ಮಾನವಂತೆ.

"ಊರೆಲ್ಲ ಓದೋ ಕಾಗದದಲ್ಲಿ ನಮ್ಮ ಮೈ ಯಾಕೆ ಬರಬೇಕು ಅಂತ ಹೊಡೆದು ಹಾಕಿಸಿದ್ವಿ. ಆ ವಕೀಲ ಕಂಬದ ಹಾಗೆ ನಿಂತಿದ್ದ, ಹೀಗಾಗತ್ತೆ ಅಂತ ತುಟಿ ಬಿಚ್ಚಲಿಲ್ಲ. ಹೊಡೆದವರ ಮರ್ಯಾದೆಗೆ ನಾವು ಕಾವಲು ನಿಂತ್ವಿ. ಈಗ ಅದರ ದಂಡಾನೂ ನಮ್ಮ ತಲೆಗೇ."

ವಕೀಲನನ್ನು ಬೈಯಲು ಬಾಯಿ ತೆರೆದ ಐಲೀನ್, ಪತ್ರದ ಕೊನೆಯ ಸಾಲಿಗೆ ಬಂದು ತಡೆದುಕೊಂಡಳು.

"ಮೂವತ್ತು ದಿನ ಕೊಟ್ಟಿದಾರೆ. ಮೈಗೆ ಏನಾಗಿತ್ತು ಅಂತ ಸಾಕ್ಷಿ ಸಮೇತ ಬರೆದರೆ ಮತ್ತೆ ನೋಡ್ತಾರಂತೆ. ಕೋರ್ಟಿನ ಮೊದಲ ದೂರಿನಲ್ಲಿ ಬೆರಳಿನ ವಿಷಯ ಇತ್ತಾ?"

"ಇತ್ತು. ಒಂದೇ ಸಾಲು."

"ಆ ಪ್ರತಿ ತೆಗೆಸೋಣ. ನಾಳೆ ಬೆಳಿಗ್ಗೆ ಎಕ್ಸ್‌ರೇಗೆ ನಾನೇ ಕರ್ಕೊಂಡು ಹೋಗ್ತೀನಿ."

ಬರ್ನಡೆಟ್ ಕೈ ತೊಳೆದು, ಬಹಳ ಹೊತ್ತು ಒರೆಸಿಕೊಂಡಳು.

"ನೋರಾ ಜೊತೆ ನನ್ನ ಬಸ್ಸಿಗೆ ಕಾಯ್ತಾ ದಿನಾ ಒಂದು ನೋಟ್‌ಪುಸ್ತಕದಲ್ಲಿ ಏನೋ ಗೀಚ್ತಿರ್ತೀಯಲ್ಲ. ಒಂದು ಉಪಕಾರ ಮಾಡು. ನಾಳೆ ನೋರಾನ ಅವಳ ಅಜ್ಜಿ ಮನೇಲಿ ಬಿಟ್ಟು ಬಾ. ನಾನು ಎಲ್ಲಾ ಹೇಳ್ತೀನಿ, ನೀನು ಬರಿ. ನನ್ನ ಮಾನ ಕಾಯೋಕೆ ಅಂತ ಒಂದು ಪದಾನೂ ಮೆತ್ತಗೆ ಮಾಡಬೇಡ."